ಹೊಸ್ತಿಲಾಚೆಯ ಚಾಪೆ

ರಾಜಾಜಿನಗರದ ಆ ಮನೆಯಲ್ಲಿ ಆಗ ಇದ್ದದ್ದು ನಾವು ನಾಲ್ಕೇ ಜನ: ಅಜ್ಜಿ, ಅಪ್ಪ, ಅಮ್ಮ ಮತ್ತು ನಾನು. ಅಜ್ಜಿ ಅಂದರೆ ಅಪ್ಪನ ತಾಯಿ. ಮಾಗಡಿ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದು, ತಾತನ ಕಾರ್ಖಾನೆ ಸಂಬಳದಲ್ಲಿ ಇಟ್ಟಿಗೆಗೆ ಇಟ್ಟಿಗೆ ಕೂಡಿಸಿ ಆ ಮನೆ ಎಬ್ಬಿಸಿದವಳು. ತಾತ ಹೋದ ಮೇಲೂ ಬೀಗದ ಕೈ ಗೊಂಚಲು ಅವಳ ಸೊಂಟದಲ್ಲೇ ಇತ್ತು. ಅಮ್ಮ ಹೆಗ್ಗನಹಳ್ಳಿಯವಳು; ರಾಗಿ ಹೊಲ ಇನ್ನೂ ಸೈಟುಗಳಾಗದ ಕಾಲದ ಹೆಗ್ಗನಹಳ್ಳಿ. ಇನ್ನು ಪಕ್ಕದ ಮನೆಯ ಪಂಕಜಮ್ಮ. ತಮಿಳು ಮನೆಮಾತಿನವರು, ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನಲ್ಲೇ. ನಮಗೂ ಅವರಿಗೂ ನಡುವೆ ಇದ್ದದ್ದು ಎದೆಮಟ್ಟದ ಗೋಡೆ, ಅತ್ತ ಅವರ ನಲ್ಲಿ, ಇತ್ತ ನಮ್ಮ ನಲ್ಲಿ. ಹಾಗಾಗಿ ಅವರನ್ನು ಹೊರಗಿನವರು ಅಂತ ಬಿಟ್ಟು ಈ ಕತೆ ಹೇಳುವ ಹಾಗಿಲ್ಲ. ಮನೆ ರೈಲು ಡಬ್ಬಿಯ ಹಾಗೆ ಒಂದರ ಹಿಂದೊಂದು. ಮುಂದೆ ಕಬ್ಬಿಣದ ಗ್ರಿಲ್ಲು ಹಾಕಿದ ವರಾಂಡ, ಅದು ದಾಟಿದರೆ ಹೊಸ್ತಿಲು, ಹೊಸ್ತಿಲಾಚೆ ನಡುಮನೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಹಿಂಬಾಗಿಲು ತೆಗೆದರೆ ಕಸದವರು ಓಡಾಡುವ ಸಂದಿ. ನೆಲವೆಲ್ಲ ಕೆಂಪು ಗಾರೆ, ಅಜ್ಜಿ ತೆಂಗಿನೆಣ್ಣೆ ಸವರಿ ಸವರಿ ಕನ್ನಡಿ ಮಾಡಿಟ್ಟದ್ದು.

ನಡುಮನೆಯಲ್ಲಿ ನಾವು ಮೂವರು ಹೆಂಗಸರು ಮಲಗುತ್ತಿದ್ದೆವು. ಅಪ್ಪ ಮಲಗುತ್ತಿದ್ದದ್ದು ವರಾಂಡದಲ್ಲಿ, ಅದೂ ಹಗಲು ಹೊತ್ತು. ಅಪ್ಪ ಸೈನ್ಯದಲ್ಲಿದ್ದ. ಶಾಂತಿ ಕಾಯುವುದಕ್ಕೆಂದು ಶ್ರೀಲಂಕಾಕ್ಕೆ ಕಳಿಸಿದ ಪಡೆಯಲ್ಲಿ ಹೋದ, ಬಂದ, ಪಿಂಚಣಿ ತೆಗೆದುಕೊಂಡು ಮನೆ ಸೇರಿದ. ಬಂದ ಹೊಸದರಲ್ಲಿ ಎಲ್ಲರಂತೆ ನಡುಮನೆಯಲ್ಲೇ ಮಲಗುತ್ತಿದ್ದನಂತೆ. ಒಂದು ಬೆಳಿಗ್ಗೆ ಅಮ್ಮ ಕಾಫಿ ತಂದು ಭುಜ ಮುಟ್ಟಿ ಎಬ್ಬಿಸಿದಳು. ಅಪ್ಪ ಕಣ್ಣು ಬಿಡುವ ಮೊದಲೇ ಅವಳ ಕೈ ಹಿಡಿದು ತಿರುಚಿದ. ಬಳೆ ಚೂರಾಗಿ, ಮಣಿಕಟ್ಟು ಬಾತುಕೊಂಡು, ಎಷ್ಟೋ ದಿನ ಅಮ್ಮ ಎಡಗೈಯಲ್ಲಿ ಮುದ್ದೆ ತೊಳಸಿದಳು. ಕೇಳಿದವರಿಗೆಲ್ಲ ಬಚ್ಚಲಲ್ಲಿ ಜಾರಿದೆ ಅಂದಳು. ತನ್ನ ಅಣ್ಣನಿಗೂ ಅದನ್ನೇ ಅಂದಳು. ಅಪ್ಪ ಯಾರಿಗೂ ಏನೂ ಅನ್ನಲಿಲ್ಲ. ಚಾಪೆ ಸುತ್ತಿಕೊಂಡು ಹೊಸ್ತಿಲು ದಾಟಿ ಹೋದ. ಆ ವಾರವೇ ಒಂದು ಕಾರ್ಖಾನೆಯಲ್ಲಿ ರಾತ್ರಿ ಕಾವಲಿನ ಕೆಲಸ ಹಿಡಿದ, ಹೆಂಡತಿ ಮಲಗುವ ಹೊತ್ತಿಗೆ ತಾನು ಎಚ್ಚರವಾಗಿ ದೂರ ಇರಬಹುದು ಅಂತ.

ಹೀಗೆ ನಮ್ಮ ಮನೆಗೆ ಹಗಲೇ ರಾತ್ರಿಯಾಯಿತು. ಅಪ್ಪ ಬೆಳಿಗ್ಗೆ ಬಂದು ಉಂಡು ಮಲಗಿದರೆ ಮೂರು ಗಂಟೆಯ ತನಕ ಒಗ್ಗರಣೆ ಹಾಕುವಂತಿಲ್ಲ, ಸಾಸಿವೆ ಸಿಡಿಯುತ್ತದೆ. ಕುಕ್ಕರು ಕೂಗುವಂತಿಲ್ಲ. ಅಮ್ಮ ಇಕ್ಕಳ ಹಿಡಿದು ಅದರ ಪಕ್ಕದಲ್ಲೇ ನಿಂತಿದ್ದು, ಕೂಗುವ ಸುಳಿವು ಸಿಕ್ಕ ಕೂಡಲೇ ಎತ್ತಿ ಉಸಿರು ಬಿಡಿಸುತ್ತಿದ್ದಳು. ನಾನು ಪಾಠವನ್ನು ತುಟಿಯಲ್ಲೇ ಓದಲು ಕಲಿತೆ. ಅಪ್ಪನನ್ನು ಮುಟ್ಟಿ ಎಬ್ಬಿಸುವ ಹಾಗಿಲ್ಲ. ಅವನು ಚೀರಿದಾಗ ಅಜ್ಜಿ ಹೊಸ್ತಿಲ ಒಳಗೇ ನಿಂತು ಒಂದೇ ಸಮನೆ ಹೇಳುತ್ತಿದ್ದಳು.

"ನಂಜುಂಡ, ಮನೇಲಿದ್ದೀಯ ಕಣಪ್ಪ. ರಾಜಾಜಿನಗರ ಕಣೋ ಇದು. ನಾನು ನಿಮ್ಮವ್ವ."

ಅಪ್ಪ ಎದ್ದು ಕೂತು ಗ್ರಿಲ್ಲನ್ನೂ ಅಜ್ಜಿಯನ್ನೂ ನೋಡಿ, ಬೆವರು ಒರೆಸಿಕೊಂಡು, ಆಯ್ತವ್ವ ಅನ್ನುತ್ತಿದ್ದ. ಆ ಮನೆ ನನ್ನ ಮೈಯಲ್ಲಿ ಹೇಗೆ ಉಳಿದಿದೆ ಅಂದರೆ, ಇಂದಿಗೂ ಮಲಗಿದವರನ್ನು ಮುಟ್ಟಿ ಎಬ್ಬಿಸಲಾರೆ. ದೂರ ನಿಂತು ಹೆಸರು ಕರೆಯುತ್ತೇನೆ. ಈಗ ನಾಗರಬಾವಿಯಲ್ಲಿ ನಮ್ಮ ಮನೆಯ ಮೇಲೆ ಬಾಡಿಗೆಗಿರುವ ಕಾಲೇಜು ಹುಡುಗರು ಮಧ್ಯಾಹ್ನ ಕುರ್ಚಿ ಎಳೆದರೆ, ಯಾರೋ ಮಲಗಿದ್ದಾರಲ್ಲ ಅಂತ ಎದೆ ಹಾರುತ್ತದೆ. ಯಾರೂ ಮಲಗಿರುವುದಿಲ್ಲ. ಮಕ್ಕಳು ನಗುತ್ತಾರೆ. ಈ ದಿಗಿಲು ನನ್ನದಲ್ಲ, ಮನೆಯದು, ಅಂತ ಅವರಿಗೆ ಹೇಗೆ ಹೇಳಲಿ.

ಅಪ್ಪ ಮಲಗಿರುವಾಗ ಎಲ್ಲಕ್ಕಿಂತ ಕೆಟ್ಟದ್ದು ಪಂಕಜಮ್ಮನ ದನಿ. ನೀರು ಬರುವ ಹೊತ್ತು ಯಾರಿಗೂ ಗೊತ್ತಿರದ ಕಾಲ. ಒಂದೊಂದು ದಿನ ಹತ್ತು ಹೊಡೆದ ಮೇಲೆ ನಲ್ಲಿ ಗೊರಗೊರ ಅನ್ನುತ್ತಿತ್ತು. ಕೂಡಲೇ ಅವರು ಸೊಸೆಯನ್ನು ಕರೆದು, "ತಣ್ಣಿ ವಂದುಚ್ಚು!" ಅಂತ, ನೀರು ಬಂತು ಅನ್ನುವುದನ್ನು ತಮಿಳಿನಲ್ಲಿ, ಬೀದಿಗೆಲ್ಲ ಕೇಳುವಂತೆ ಸಾರುತ್ತಿದ್ದರು. ಅಪ್ಪ ಚಾಪೆಯಿಂದ ಎಗರಿ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದ. ಅಮ್ಮ ಸಂಕೋಚಪಡುತ್ತ ಹೋಗಿ ಹೇಳಿದಳು.

"ಪಂಕಜಮ್ಮ, ತಪ್ಪು ತಿಳ್ಕೋಬೇಡಿ. ಇವ್ರು ಮಲಗಿರ್ತಾರೆ. ಆ ಮಾತು ಕೇಳಿದ್ರೆ ಏನೋ ಒಂಥರಾ ಆಗ್ತಾರೆ."

"ಅಯ್ಯೋ ಅದ್ಕೇನಮ್ಮ, ಕನ್ನಡದಲ್ಲೇ ಕೂಗ್ತೀನಿ ಬುಡು," ಅಂದರು ಪಂಕಜಮ್ಮ. ಅಂದಿನಿಂದ ಅವರು "ನೀರು ವಂದು... ಬಂತು, ಬಂತು!" ಅಂತ ನಡುವೆ ಎಡವಿ, ದನಿ ತಗ್ಗಿಸಿ ಕೂಗುತ್ತಿದ್ದರು. ಸೊಸೆಗೆ ನಗು ತಡೆಯಲಾಗುತ್ತಿರಲಿಲ್ಲ. ಆ ಮಾತಿನಲ್ಲಿ ಏನಿದೆ ಅಂತ ನಮಗೂ ಗೊತ್ತಿರಲಿಲ್ಲ, ಅವರೂ ಕೇಳಲಿಲ್ಲ.

ಬರೆಯುವುದನ್ನು ಅಪ್ಪನಿಗೆ ಹಚ್ಚಿದವಳು ಅಕ್ಷರ ಬಾರದ ಅಜ್ಜಿ. ಒಂದು ಸಂಜೆ ಸೊಪ್ಪು ಬಿಡಿಸುತ್ತ ಹೇಳಿದಳು.

"ಕೆಟ್ಟ ಕನ್ಸ ಮನುಷ್ಯರ್ಗೆ ಹೇಳ್ಬಾರ್ದು ಕಣಪ್ಪ, ಕೇಳಿಸ್ಕೊಂಡೋರ ತಲೆ ಮೇಲೆ ಕೂತ್ಕೊಳ್ತದೆ. ಹರಿಯೋ ನೀರ್ಗೆ ಹೇಳ್ಬೇಕು. ನಮ್ಮೂರಲ್ಲಿ ಹಳ್ಳದ ತಾವ ಹೋಗಿ ಹೇಳ್ಬುಟ್ಟು ಬರ್ತಿದ್ವಿ."

"ರಾಜಾಜಿನಗರದಲ್ಲಿ ಹಳ್ಳ ಎಲ್ಲಿಂದ ತರ್ಲವ್ವ?"

"ನಲ್ಲೀಲಿ ಬರೋದು ಕಾವೇರಿ ತಾನೆ? ಹರೀದೆ ಇಲ್ಲಿಗೇನ್ ಬಸ್ಸು ಹತ್ಕೊಂಡ್ ಬಂತಾ?"

ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಮಾರನೆಯ ದಿನ ನೀರು ಬಂದಾಗ ಹೋಗಿ ನಲ್ಲಿಯ ಮುಂದೆ ನಿಂತ. ಕೊಡ ತುಂಬಿತು, ಉಕ್ಕಿತು, ಅಪ್ಪನ ಬಾಯಿ ತೆರೆಯಲಿಲ್ಲ. ಗೋಡೆಯಾಚೆಯಿಂದ ಪಂಕಜಮ್ಮ ಇಣುಕಿದರು.

"ಏನ್ ಸಾರ್, ನಲ್ಲಿ ಕೆಟ್ಟೋಯ್ತಾ?"

"ನಲ್ಲಿ ಅಲ್ಲಮ್ಮ, ನಾನು," ಅಂದ ಅಪ್ಪ.

ಅಜ್ಜಿ ಸೋಲುವವಳಲ್ಲ. ನನ್ನ ಚೀಲದಿಂದ ಸ್ಲೇಟು ಬಳಪ ತೆಗೆದು ಅಪ್ಪನ ಮುಂದಿಟ್ಟಳು. ಬಾಯಲ್ಲಿ ಬರದಿದ್ದರೆ ಕೈಯಲ್ಲಿ ಬರೆ, ಬರೆದು ನಲ್ಲಿಯಡಿ ತೊಳೆ, ನೀರು ಓದಿಕೊಳ್ಳುತ್ತದೆ ಅಂದಳು. ನೀರಿಗೆ ಓದಲು ಬರುತ್ತದಾ ಅಜ್ಜಿ ಅಂತ ನಾನು ಕೇಳಿದರೆ, ನನಗಿಂತ ಚೆನ್ನಾಗಿ ಬರ್ತದೆ ಸುಮ್ನಿರು ಅಂತ ಗದರಿದಳು. ಅಂದಿನಿಂದ ಅದು ಮನೆಯ ಪದ್ಧತಿಯಾಯಿತು. ಮೂರು ಗಂಟೆಗೆ ಎದ್ದು, ಮುಖ ತೊಳೆದು, ಕಾಫಿ ಕುಡಿದು ಅಪ್ಪ ಸ್ಲೇಟು ಹಿಡಿದು ಕೂರುತ್ತಿದ್ದ. ಬಳಪ ಕಿರುಗುಟ್ಟುವ ಸದ್ದಿಗೆ ಮಾತ್ರ ಅವನು ಬೆಚ್ಚುತ್ತಿರಲಿಲ್ಲ. ಬರೆದದ್ದನ್ನು ಗೋಡೆಗೆ ಮುಖ ಮಾಡಿ ಇಡುತ್ತಿದ್ದ. ಯಾರೂ ಓದಬಾರದು, ಯಾರೂ ಓದುತ್ತಿರಲಿಲ್ಲ. ನೀರು ಬಂದಾಗ ತೊಳೆಯುತ್ತಿದ್ದ. ಶಾಲೆಗೆ ನನಗೆ ಬೇರೆ ಸ್ಲೇಟು ಬಂತು. ಕನಸು ನಿಂತಿತಾ ಅಂದರೆ ಇಲ್ಲ. ಆದರೆ ಚೀರಿದ ಮೇಲೆ ಮತ್ತೆ ಮಲಗಲು ಅವನಿಗೆ ಸಾಧ್ಯವಾಗುತ್ತಿತ್ತು. ನಮಗೆ ಅಷ್ಟೇ ಸಾಕಾಗಿತ್ತು.

ಸಾಕಾಗದೇ ಇದ್ದದ್ದು ಗಂಗಣ್ಣ ಮಾವನಿಗೆ. ಅಮ್ಮನ ಅಣ್ಣ. ಹೆಗ್ಗನಹಳ್ಳಿಯಿಂದ ಭಾನುವಾರ ಭಾನುವಾರ ಟೆಂಪೋ ಹತ್ತಿ ಬರುತ್ತಿದ್ದ. ಸೊಪ್ಪು, ಅವರೆಕಾಯಿ, ಹಸುವಿನ ಹಾಲು ತಂದು ಹಾಕಿ, ವರಾಂಡದ ಚಾಪೆಯನ್ನು ಕಾಲಿನಿಂದ ತೋರಿಸುತ್ತಿದ್ದ.

"ಏನ್ ಭಾವ, ಸೈನ್ಯ ಬಿಟ್ರೂ ಸೆಂಟ್ರಿ ಡ್ಯೂಟಿ ಬಿಡ್ಲಿಲ್ವಾ?"

ಅಪ್ಪ ತಲೆ ತಗ್ಗಿಸುತ್ತಿದ್ದ. ಮಾವ ಅಡುಗೆಮನೆಗೆ ಬಂದು ದನಿ ಬದಲಾಯಿಸುತ್ತಿದ್ದ.

"ಸಾವಿತ್ರಿ, ಇದೂ ಒಂದು ಬಾಳೇನೇ? ಗಂಡ ಆಚೆ, ನೀನು ಒಳಗೆ. ನಮ್ಮನೇಲಿ ಕೋಣೆ ಖಾಲಿ ಬಿದ್ದೈತೆ. ಮಗೂನ ಕರ್ಕೊಂಡು ಬಂದ್ಬುಡು."

"ನೋಡೋಣ ಅಣ್ಣ" ಅಂತ ಅಮ್ಮ ಪ್ರತಿ ಸಲವೂ ಅನ್ನುತ್ತಿದ್ದಳು. ಬರಬರುತ್ತ ಆ ಮಾತನ್ನು ಅವಳು ಹೇಳುವ ರೀತಿ ಬೇರೆಯಾಯಿತು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಇಕ್ಕಳ ಹಿಡಿದು ಕುಕ್ಕರಿನ ಮುಂದೆ ನಿಂತವಳು ನಿಂತಲ್ಲೇ ತೂಕಡಿಸುತ್ತಿದ್ದಳು. ನಾನು ಚಿಕ್ಕವಳಾದರೂ ನನಗೆ ಒಂದು ಮಾತು ಗೊತ್ತಿತ್ತು: ನಾವು ಒಮ್ಮೆ ಹೆಗ್ಗನಹಳ್ಳಿಗೆ ಹೋದರೆ ತಿರುಗಿ ಬರುವುದಿಲ್ಲ.

ಆ ಬೇಸಿಗೆಯಲ್ಲಿ ಯಾರೋ ರಸ್ತೆ ಅಗೆದು ಪೈಪು ಒಡೆದರು. ನಲ್ಲಿ ಒಣಗಿತು. ಮೂಲೆಯ ಬೋರ್‌ವೆಲ್ಲಿಗೆ ಬಿಂದಿಗೆ ಹಿಡಿದು ಓಡಾಟ, ಆಗೊಮ್ಮೆ ಈಗೊಮ್ಮೆ ಟ್ಯಾಂಕರು. ಅಡುಗೆಗೆ ಸ್ನಾನಕ್ಕೆ ಹೇಗೋ ಆಯಿತು, ಸ್ಲೇಟಿಗೆ ಆಗಲಿಲ್ಲ. ಬಿಂದಿಗೆ ನೀರಲ್ಲಿ ತೊಳೆಯಲು ಅಪ್ಪ ಹೋದರೆ ಅಜ್ಜಿ ಕೈ ಹಿಡಿದಳು.

"ಬೋರ್ ನೀರು ಹರಿಯೋ ನೀರಲ್ಲ ಕಣೋ, ಎಳ್ದಿರೋ ನೀರು. ಟ್ಯಾಂಕರ್ ನೀರು ಕೊಂಡ್ಕೊಂಡಿರೋ ನೀರು. ಅದ್ಕೆಲ್ಲ ನಿನ್ ಕನ್ಸು ಯಾಕೆ ಕೇಳ್ಬೇಕು? ಕಾವೇರಿ ಬರ್ಲಿ ತಡಿ."

ಎಂಜಲು ಹಚ್ಚಿ ಒರೆಸುವಂತಿಲ್ಲ, ಸರಸ್ವತಿಗೆ ಅಪಚಾರ. ಸ್ಲೇಟು ಎರಡೂ ಬದಿ ತುಂಬಿತು. ಬರೆಯದೆ ಬಿಟ್ಟ ದಿನ ಅಪ್ಪ ಒಂದು ಗಳಿಗೆಯೂ ಕಣ್ಣು ಮುಚ್ಚಲಿಲ್ಲ. ನಿದ್ದೆಯಿಲ್ಲದೆ ಕೆಂಪಾದ ಕಣ್ಣಲ್ಲೇ ಪಾಳಿಗೆ ಹೋದ. ಮಾರನೆಯ ದಿನ ಸೀಮೆಸುಣ್ಣದ ತುಂಡು ಹಿಡಿದು, ಗ್ರಿಲ್ಲಿನ ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೆಂಪು ನೆಲದ ಮೇಲೆ ಮೊದಲ ಸಾಲು ಬರೆದ. ಅಜ್ಜಿ ಬೇಡ ಅನ್ನಲಿಲ್ಲ. ನೆಲವಾದರೂ ನೀರು ಬಂದ ಮೇಲೆ ತೊಳೆಯಬಹುದಲ್ಲ.

ನೀರು ಬರಲಿಲ್ಲ. ಸಾಲುಗಳು ಬೆಳೆದವು. ಅಕ್ಷರ ತುಳಿಯಬಾರದು ಅನ್ನುವುದು ಅಜ್ಜಿಯ ಇನ್ನೊಂದು ಕಾನೂನು. ಹೀಗೆ ಒರೆಸುವಂತಿಲ್ಲ, ತುಳಿಯುವಂತಿಲ್ಲ. ನಾವೆಲ್ಲ ಹಿಂಬಾಗಿಲಿನಿಂದ, ಕಸದ ಸಂದಿಯಿಂದ ಓಡಾಡತೊಡಗಿದೆವು. ಬಿಂದಿಗೆ ಹೊತ್ತ ಅಮ್ಮ ಇಡೀ ಬೀದಿ ಸುತ್ತಿ ಹಿಂದಿನಿಂದ ಬರುವಳು. ಹಾಲಿನವನು ಗ್ರಿಲ್ಲಿನಾಚೆ ನಿಂತು, ಏನಮ್ಮ ಮನೆಗೆ ಶಾಸನ ಹಾಕಿಸ್ತಾ ಇದ್ದೀರಾ ಅಂತ ಹಂಗಿಸುವನು. ಅಪ್ಪನೊಬ್ಬನೇ ಗೋಡೆಬದಿಯಲ್ಲಿ ತಾನು ಬಿಟ್ಟುಕೊಂಡಿದ್ದ ಗೇಣಗಲದ ಜಾಗದಲ್ಲಿ ಅಡ್ಡಡ್ಡ ನಡೆದು ಓಡಾಡುವನು. ಬರಹ ಗ್ರಿಲ್ಲಿನ ಕಡೆಯಿಂದ ಒಳಗಿನ ಕಡೆಗೆ ಬರುತ್ತಿತ್ತಾಗಿ, ಅವನ ಚಾಪೆ ದಿನಾ ಸ್ವಲ್ಪ ಸ್ವಲ್ಪ ಹಿಂದೆ ಸರಿಯಿತು. ಮೊದಲು ಗ್ರಿಲ್ಲು ಬಿಟ್ಟಿತು, ಆಮೇಲೆ ಕಿಟಕಿ ದಾಟಿತು, ಕೊನೆಗೆ ಬಂದು ಹೊಸ್ತಿಲಿಗೆ ತಾಗಿತು. ಆ ದಿನ ಅಪ್ಪನ ತಲೆ ಹೊಸ್ತಿಲ ಮೇಲಿರುವುದನ್ನು ಅಜ್ಜಿ ನೋಡಿದಳು.

"ಹೊಸ್ತಿಲ ಮೇಲೆ ತಲೆ ಇಡ್ಬೇಡ ಕಣೋ, ಲಕ್ಷ್ಮಿ ಓಡಾಡೋ ಜಾಗ."

"ಮತ್ತೆಲ್ಲಿ ಮಲಗ್ಲವ್ವ?"

ಅಜ್ಜಿ ಅಡುಗೆಮನೆಯ ಕಡೆ ನೋಡಿದಳು. ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಳು. ಕೇಳಿಸಿಕೊಂಡಳು, ತಲೆ ಎತ್ತಲಿಲ್ಲ. ಅಪ್ಪ ಆ ಹಗಲು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದ. ಸಂಜೆ ಅಮ್ಮ ನನ್ನ ಲಂಗ ಬ್ಲೌಸುಗಳನ್ನು ಒಂದು ಚೀಲಕ್ಕೆ ತುಂಬಿದಳು. ಭಾನುವಾರ ಮಾವ ಬರುತ್ತಾನೆ, ಶಾಲೆಗೆ ರಜ, ನೀರೂ ಇಲ್ಲ, ಹೋಗಿಬರೋಣ ಅಂದಳು. ನನ್ನ ಮುಖ ನೋಡದೆ ಅಂದಳು.

ಭಾನುವಾರ ಮಾವ ಬಂದ. ತಂಗಿಗೆ ನೀರಿಲ್ಲ ಅಂತ ತೋಟದ ಬಾವಿಯಿಂದ ಡ್ರಮ್ಮುಗಟ್ಟಲೆ ನೀರು ತುಂಬಿಕೊಂಡು ಬಂದಿದ್ದ. ಬಕೆಟ್ಟು ಹಿಡಿದು ಗ್ರಿಲ್ಲು ತೆಗೆದವನು ನೆಲ ನೋಡಿ ನಿಂತುಬಿಟ್ಟ.

"ಅಯ್ಯೋ ಶಿವನೇ! ಸಾವಿತ್ರಿ, ಇದೇನೇ ಇದು? ಭಾವಂಗೆ ಪೂರ್ತಿ ಕೆಟ್ಟೋಯ್ತಾ? ಜನ ನೋಡಿದ್ರೆ ಏನಂತಾರೆ? ಸರ್ಕೊಳ್ರಿ ಎಲ್ಲ ಆಚೆ, ನೀರು ಹಾಕಿ ತೊಳೆದ್ಬುಡ್ತೀನಿ."

ಅಮ್ಮ ಹಿಂಬಾಗಿಲಿನಿಂದ ಓಡಿದಳು. ಸಂದಿ ಸುತ್ತಿ ಬೀದಿಗೆ ಬಂದು ಅಣ್ಣನ ಕೈಯ ಬಕೆಟ್ಟು ಹಿಡಿದಳು. ಅವಳಿಗೆ ಏದುಸಿರು.

"ಕೆಳಗಿಡು ಅಣ್ಣ."

"ಯಾಕೆ, ಏನ್ ಬರ್ದವ್ರೆ ಅಂತ ನೋಡಿದ್ದೀಯೇನೇ?"

"ಇಲ್ಲ. ನೋಡದೆ ತೊಳೆಯೋದು ಹೆಂಗೆ?"

ಅದುವರೆಗೆ ಅವಳು ಆ ನೆಲದ ಒಂದಕ್ಷರವನ್ನೂ ಓದಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲೇ ಕುಕ್ಕರಿಸಿದಳು. ಟೆಂಪೋ ಸದ್ದಿಗೆ ಎದ್ದಿದ್ದ ಅಪ್ಪ ಹೊಸ್ತಿಲ ಹತ್ತಿರ ಮಂಡಿ ಹಿಡಿದು ಕೂತಿದ್ದ, ಬೇಡ ಅನ್ನಲಿಲ್ಲ. ಅಮ್ಮ ಶಾಲೆಯ ಹುಡುಗಿಯ ಹಾಗೆ ಏರಿಳಿತವಿಲ್ಲದೆ ಗಟ್ಟಿಯಾಗಿ ಓದಿದಳು. ಅಪ್ಪ ವರದಿಯ ಹಾಗೆ ಬರೆದಿದ್ದ. ಬೆಳಿಗ್ಗೆ. ತೆಂಗಿನ ತೋಪು. ಗಾಳಿ ಇಲ್ಲ. ಬಾವಿ ಕಾಯುವ ಕೆಲಸ ನನ್ನದು. ಮುದುಕಿ ಕೊಡ ಹಿಡಿದು ಬಂದಳು. ತಣ್ಣಿ ಅಂದಳು. ಈ ಕಡೆಯಿಂದ ಬೇಡ, ಆ ಕಡೆಯಿಂದ ಬಾ ಅಂತ ಕೈ ತೋರಿಸಿದೆ. ಆ ಕಡೆ ನೆಲದಲ್ಲಿ ಸಿಡಿಮದ್ದು ಹೂತಿಟ್ಟಿದ್ದರು. ನನಗೆ ಗೊತ್ತಿರಲಿಲ್ಲ. ಗೋಡೆಯಾಚೆ ಪಂಕಜಮ್ಮ ಬಟ್ಟೆ ಒಗೆಯುವುದನ್ನು ನಿಲ್ಲಿಸಿದ್ದು ಕೇಳಿಸಿತು.

ಅಮ್ಮ ಗೋಡೆಬದಿಯ ಗೇಣಗಲದ ಜಾಗದಲ್ಲಿ ಕೂತಲ್ಲೇ ಸರಿಯುತ್ತ ಓದಿದಳು. ಮೊದಮೊದಲ ಸಾಲುಗಳಲ್ಲಿ ಅದೇ ಬಾವಿ, ಅದೇ ಮುದುಕಿ, ಮತ್ತೆ ಮತ್ತೆ. ಆಮೇಲೆ ಬರಹ ಮುಂದಕ್ಕೆ ನಡೆಯಿತು: ಕೊಡ ಸೊಟ್ಟಗಾಗಿತ್ತು, ತೊಳೆದು ಕಟ್ಟೆಯ ಮೇಲಿಟ್ಟೆ. ಅವಳ ಮನೆಯವರು ಬರಲಿಲ್ಲ. ಹಡಗು. ರೈಲು. ಮನೆ. ನನಗೆ ಈಗ ಅನ್ನಿಸುವುದಿಷ್ಟು: ಸ್ಲೇಟು ತೊಳೆದಾಗಲೆಲ್ಲ ಅಪ್ಪ ಮಾರನೆಯ ದಿನ ಮತ್ತೆ ಬಾವಿಕಟ್ಟೆಯಿಂದಲೇ ಶುರುಮಾಡಬೇಕಾಗುತ್ತಿತ್ತು. ನೆಲದ ಮೇಲೆ ನಿನ್ನೆಯದು ಕಣ್ಣೆದುರು ಹಾಗೇ ಉಳಿದಿದ್ದರಿಂದ ಮಾತ್ರ ಅವನು ಅಲ್ಲಿಂದ ಹೊರಟು ಮನೆಯ ತನಕ ಬರಲು ಸಾಧ್ಯವಾಯಿತು. ಅಜ್ಜಿಯ ಪದ್ಧತಿಗಿಂತ ಒಡೆದ ಪೈಪೇ ಒಳ್ಳೆಯ ವೈದ್ಯ ಅಂತ ಆಗ ಹೇಳಿದ್ದರೆ ಅವಳು ಸೌಟಿನಲ್ಲಿ ಹೊಡೆಯುತ್ತಿದ್ದಳು.

ಕೊನೆಯ ಸಾಲುಗಳು ಹೊಸ್ತಿಲ ಪಕ್ಕದಲ್ಲಿದ್ದವು. ಅಮ್ಮ ಅವನ್ನೂ ಓದಿದಳು. ಸಾವಿತ್ರಿ ಕಾಫಿ ತಂದಳು. ಅವಳ ಕೈ ಮುರಿಯುವ ಹಾಗೆ ತಿರುಚಿದವನು ನಾನು. ಜಾರಿ ಬಿದ್ದೆ ಅಂತ ಎಲ್ಲರಿಗೂ ಹೇಳಿದಳು. ನಾನು ಸುಮ್ಮನಿದ್ದೆ. ಅದಕ್ಕೇ ಒಳಗೆ ಹೋಗಲಾರೆ.

ಬೀದಿಯಲ್ಲಿ ನಿಂತಿದ್ದ ಮಾವನ ಮುಖ ಕಪ್ಪಾಯಿತು.

"ಬಚ್ಚಲಲ್ಲಿ ಜಾರ್ದೆ ಅಂದಿದ್ದೆ ನಂಗೆ."

"ಹೂಂ. ಅಂದಿದ್ದೆ."

"ಭಾವ?"

"ನಿಜ ಗಂಗಣ್ಣ," ಅಂದ ಅಪ್ಪ. "ಕರ್ಕೊಂಡು ಹೋಗಿ. ಅದನ್ನೂ ಬರೀಬೇಕು ಅಂತಿದ್ದೆ. ಜಾಗ ಸಾಲ್ಲಿಲ್ಲ."

ಅಮ್ಮ ಮಂಡಿಯ ಮೇಲೆ ಕೈಯೂರಿ ಎದ್ದಳು, ಮುದುಕಿಯರು ಏಳುವ ಹಾಗೆ. ಹೊಸ್ತಿಲು ದಾಟಿ ಒಳಗೆ ನಿಂತು, ಗಂಡನ ಚಾಪೆಯ ತುದಿ ಹಿಡಿದಳು.

"ಏಳ್ರೀ. ನಡುಮನೇಲಿ ಗೋಡೆ ಪಕ್ಕ ಜಾಗ ಇದೆ. ಅಲ್ಲಿ ಮಲಗಿ. ನಂಗೂ ನಿದ್ದೆ ಬರ್ತಾ ಇದೆ, ಎಷ್ಟು ದಿನ ಅಂತ ಹಿಂಗೆ ಎಳೆದಾಡೋದು?"

"ಮತ್ತೆ ಹಂಗೇ ಆದ್ರೆ?"

"ದೂರದಿಂದ ಕೂಗ್ತೀನಿ. ಅತ್ತೆ ಕೂಗಲ್ವಾ, ಹಂಗೆ."

ಮಾವ ಬಕೆಟ್ಟು ಎತ್ತಿಕೊಂಡು ಸಂದಿಯಿಂದ ಬಂದು ಹಿಂದಿನ ತೊಟ್ಟಿ ತುಂಬಿಸಿದ. ಊಟಕ್ಕೆ ಕೂರಲಿಲ್ಲ. ಹೊರಡುವಾಗ ಅಮ್ಮನ ಮುಂದೆ ಬೆರಳೆತ್ತಿದ.

"ನಾಳೆ ಏನಾದ್ರೂ ಆದ್ರೆ ನನ್ನ ಕೇಳ್ಬೇಡ, ಹೇಳಿದ್ದೀನಿ."

"ಕೇಳ್ತೀನಿ ಕಣೋ. ನಿನ್ನಲ್ದೆ ಇನ್ಯಾರ್ನ ಕೇಳ್ಲಿ?"

ಮಾವ ಮುಂದಿನ ವಾರ ಇನ್ನೆರಡು ಡ್ರಮ್ಮು ತರ್ತೀನಿ ಅಂತ ಗೊಣಗಿ ಹೋದ.

ಅಪ್ಪನ ಕನಸುಗಳು ಅವತ್ತಿಗೆ ಮುಗಿದವು ಅಂತ ಬರೆಯಲು ನನಗೂ ಆಸೆ. ಮುಗಿಯಲಿಲ್ಲ. ನಡುಮನೆಯಲ್ಲಿ ಆ ಗೋಡೆಗೆ ಅಪ್ಪ, ಈ ಗೋಡೆಗೆ ನಾವು, ನಡುವೆ ಗಡಿಯ ಹಾಗೆ ಅಜ್ಜಿಯ ಹಾಸಿಗೆ. ಅವನು ಚೀರಿದಾಗ ಅಮ್ಮ ಎದ್ದು ಕೂತು, ದೂರದಿಂದಲೇ, ನಿದ್ದೆಗಣ್ಣಿನಲ್ಲೇ, ರೀ ಮನೇಲಿದ್ದೀರಿ, ನಾನು ಸಾವಿತ್ರಿ ಅನ್ನುತ್ತಿದ್ದಳು. ಮತ್ತೆ ಮಲಗುತ್ತಿದ್ದಳು. ಪೈಪು ರಿಪೇರಿಯಾಗಿ ನೀರು ಬಂದ ದಿನ ವರಾಂಡ ತೊಳೆದವಳು ಅಜ್ಜಿ. ಅಷ್ಟು ಹೊತ್ತಿಗೆ ಅಪ್ಪ ಕಾಗದಕ್ಕೆ ತಿರುಗಿದ್ದ. ಬೇಕಾದವರು ಓದಬಹುದಿತ್ತು. ಅಮ್ಮ ಓದುತ್ತಿದ್ದಳು, ಕೆಲವು ಸಲ ಓದುತ್ತ ಓದುತ್ತ ನಿದ್ದೆ ಹೋಗುತ್ತಿದ್ದಳು.

ಮಳೆಗಾಲದಲ್ಲಿ ಅಪ್ಪ ಕಾರ್ಖಾನೆಯವರನ್ನು ಕೇಳಿ ಹಗಲು ಪಾಳಿ ಹಾಕಿಸಿಕೊಂಡ. ಮುಂದಿನ ಬೇಸಿಗೆಗೆ ಗಂಗಣ್ಣ ಮಾವ ಬಂದು ಅಮ್ಮನನ್ನು ಹೆಗ್ಗನಹಳ್ಳಿಗೆ ಕರೆದುಕೊಂಡು ಹೋದ, ಹೆರಿಗೆಗೆ. ನನಗೆ ತಂಗಿ ಹುಟ್ಟಿದಳು.